ಕಲ್ಲು ಮೊದಲೋ ಗುಂಡು ಮೊದಲೋ: ವಿದುರಾಶ್ವತ್ಥದ ಗೋಲಿಬಾರು

1938ರಲ್ಲಿ ಹುನಗುಂದವು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ ಒಂದು ತಾಲೂಕು. ಹಿಂದಿನ ವರ್ಷದ ಜುಲೈಯಲ್ಲಿ ಬಿ. ಜಿ. ಖೇರ್ ಅವರ ನೇತೃತ್ವದ ಕಾಂಗ್ರೆಸ್ ಮಂತ್ರಿಮಂಡಲ ಆ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದಿತ್ತು. ಚರಕದ ಗುರುತಿನ ತ್ರಿವರ್ಣ ಧ್ವಜವನ್ನು ಹಿಡಿದು ಇಳಕಲ್ಲಿನ ಪೇಟೆಯಲ್ಲೋ ಬಾದಾಮಿಯ ಬೀದಿಯಲ್ಲೋ ನಡೆದುಹೋಗುವವನನ್ನು ತಡೆಯಲು ಪೊಲೀಸರಿಗೆ ಕಾರಣವೇ ಉಳಿದಿರಲಿಲ್ಲ. ಆ ಧ್ವಜದ ಪಕ್ಷವೇ ಪೊಲೀಸರಿಗೆ ಸಂಬಳ ಕೊಡುತ್ತಿತ್ತು. ಅದೇ ಕನ್ನಡ ನಾಡಿನ ದಕ್ಷಿಣದ ಅಂಚಿನಲ್ಲಿ, ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲೂಕಿನಲ್ಲಿ, ಅದೇ ಧ್ವಜವನ್ನು ಏರಿಸುವುದು ಅಪರಾಧವಾಗಿತ್ತು. ಅಲ್ಲಿಂದ ಕೆಲವೇ ಮೈಲಿ ಉತ್ತರಕ್ಕೆ ನಡೆದು ಹಿಂದೂಪುರದ ಸೀಮೆಯನ್ನು ಹೊಕ್ಕರೆ ಮದರಾಸು ಪ್ರಾಂತ. ಅಲ್ಲಿ ರಾಜಾಜಿಯವರ ಸರ್ಕಾರ. ಧ್ವಜ ಮತ್ತೆ ನಿರಪರಾಧಿ. ಬಟ್ಟೆಯ ಒಂದು ತುಂಡು ಗಡಿಗಲ್ಲಿನ ಈಚೆ ದೇಶಭಕ್ತಿಯ ಲಾಂಛನ, ಆಚೆ ಶಾಂತಿಭಂಗದ ಸಾಧನ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ನಡೆದುದನ್ನು ಅರ್ಥ ಮಾಡಿಕೊಳ್ಳಲು ಈ ಭೂಗೋಳವನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ವಿದುರಾಶ್ವತ್ಥ ಉತ್ತರ ಪಿನಾಕಿನಿಯ ದಡದ ಪುಣ್ಯಸ್ಥಳ. ಮಹಾಭಾರತದ ವಿದುರನು ನೆಟ್ಟುದೆಂದು ಜನ ನಂಬಿದ ಮಹಾ ಅಶ್ವತ್ಥವೃಕ್ಷವೊಂದು ಅಲ್ಲಿತ್ತು. 2001ರಲ್ಲಿ ಅದು ಉರುಳಿತು. ಸಂತಾನವನ್ನು ಬೇಡಿಕೊಂಡವರು ಪ್ರತಿಷ್ಠಿಸಿದ ನಾಗರಕಲ್ಲುಗಳು ಸಾವಿರ ಸಂಖ್ಯೆಯಲ್ಲಿ ದೇವಾಲಯದ ಸುತ್ತ ಇಂದಿಗೂ ನಿಂತಿವೆ. ಕನ್ನಡ ತೆಲುಗುಗಳೆರಡನ್ನೂ ಮನೆಮಾತಿನಂತೆ ಆಡುವ ಸೀಮೆ ಅದು. ಜಾತ್ರೆಯ ದಿನಗಳಲ್ಲಿ ಸಂಸ್ಥಾನದ ಹಳ್ಳಿಗಳಿಂದಲೂ ಗಡಿಯಾಚೆಯ ಊರುಗಳಿಂದಲೂ ಜನ ಬಂದು ಸೇರುತ್ತಿದ್ದರು. ರೈಲು ಹತ್ತಿರವೇ ಹಾದುಹೋಗುತ್ತಿದ್ದುದರಿಂದ ದೂರದವರಿಗೂ ಅಲ್ಲಿಗೆ ಬರುವುದು ಕಷ್ಟವಿರಲಿಲ್ಲ. ವಿದುರನೆಂದರೆ ಕನ್ನಡದ ಕಾವ್ಯಾಭ್ಯಾಸಿಗಳಿಗೆ ನೆನಪಾಗುವುದು ಅರಸನ ಸಭೆಯಲ್ಲಿ ಹಿತವನ್ನು ನುಡಿದೂ ಕೇಳಿಸಿಕೊಳ್ಳಲ್ಪಡದ ಮಂತ್ರಿ. ಆ ಹೆಸರಿನ ಊರಿನಲ್ಲಿಯೇ ಮೈಸೂರಿನ ಅರಸೊತ್ತಿಗೆ ತನ್ನ ಪ್ರಜೆಗಳ ಮೇಲೆ ಗುಂಡು ಹಾರಿಸಿದ್ದು ಕಾಕತಾಳೀಯವೇ ಸರಿ. ಆದರೆ ಆ ಭಾಗದ ಜನ ಅದನ್ನು ಕಾಕತಾಳೀಯವೆಂದು ಬಿಟ್ಟುಕೊಡುವುದಿಲ್ಲ.

ಆ ಕಾಲದ ಮೈಸೂರು ಸಂಸ್ಥಾನಕ್ಕೆ ಒಳ್ಳೆಯ ಹೆಸರಿತ್ತು ಎಂಬುದು ಈ ಕಥೆಯ ಕ್ಲಿಷ್ಟ ಭಾಗ. ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿಯೇ, ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತು. 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರನ್ನು ರಾಜರ್ಷಿಯೆಂದು ಕರೆಯುತ್ತಿದ್ದರು. 1926ರಿಂದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ದಕ್ಷವೆಂದು ಬ್ರಿಟಿಷರೂ ದೇಶೀಯರೂ ಹೊಗಳುತ್ತಿದ್ದರು. ಗಾಂಧೀಜಿಯವರು 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿ ತಂಗಿದಾಗ ಸಂಸ್ಥಾನ ಅವರನ್ನು ಗೌರವದಿಂದ ನೋಡಿಕೊಂಡಿತ್ತು. ಮಾದರಿ ಸಂಸ್ಥಾನವೆಂಬ ಬಿರುದು ಹೀಗೆ ಬಂದದ್ದು. ಆದರೆ ಆ ಸಭೆಗಳಿಗೆ ಸರ್ಕಾರವನ್ನು ಪ್ರಶ್ನಿಸುವ ಅವಕಾಶವಿತ್ತೇ ಹೊರತು ಇಳಿಸುವ ಅಧಿಕಾರವಿರಲಿಲ್ಲ. ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ, ಪ್ರತಿನಿಧಿಗಳಿಗೆ ಅಲ್ಲ. ಜವಾಬ್ದಾರಿ ಸರ್ಕಾರ ಎಂಬ ಬೇಡಿಕೆಯ ಸಾರವೆಲ್ಲ ಇಷ್ಟರಲ್ಲಿದೆ.

1937ರಲ್ಲಿ ಸಂಸ್ಥಾನದ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಲೀನವಾದಮೇಲೆ ಆ ಬೇಡಿಕೆಗೆ ಹಳ್ಳಿಗಳ ಬಲ ಬಂತು. ಆ ಪಕ್ಷದಲ್ಲಿ ಗೌಡರೂ ರೈತರೂ ಇದ್ದರು. ಅದುವರೆಗೆ ಪಟ್ಟಣದ ವಕೀಲರ ಮತ್ತು ಪತ್ರಿಕಾಕರ್ತರ ಸಂಘದಂತಿದ್ದ ಕಾಂಗ್ರೆಸ್ಸು ಮೊದಲ ಬಾರಿಗೆ ಜಾತ್ರೆಯಂತಹ ಜನವನ್ನು ಸೇರಿಸಬಲ್ಲ ಸಂಸ್ಥೆಯಾಯಿತು. ಸರ್ಕಾರ ಸಭೆಗಳನ್ನು ನಿಷೇಧಿಸಿತು, ಭಾಷಣಕಾರರ ಬಾಯಿ ಕಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಮೈಸೂರಿನ ದಮನನೀತಿಯನ್ನು ಖಂಡಿಸಿ ನಿರ್ಣಯ ಕೈಗೊಂಡಿತು. ಗಾಂಧೀಜಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. ಸಂಸ್ಥಾನಗಳ ವಿಷಯದಲ್ಲಿ ಹಸ್ತಕ್ಷೇಪ ಮಾಡುವುದಿಲ್ಲವೆಂಬ ಕಾಂಗ್ರೆಸ್ಸಿನ ನಿಲುವಿಗೆ ಅದು ವಿರುದ್ಧವೆಂದು ಅವರು ಬಹಿರಂಗವಾಗಿಯೇ ಬರೆದರು. 1938ರ ಫೆಬ್ರುವರಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯ ಹರಿಪುರ ಅಧಿವೇಶನವೂ ಸಂಸ್ಥಾನದ ಪ್ರಜೆಗಳು ತಮ್ಮ ಹೋರಾಟವನ್ನು ತಮ್ಮದೇ ಸಂಘಟನೆಗಳ ಹೊಣೆಯಲ್ಲಿ ನಡೆಸಬೇಕೆಂದು ತೀರ್ಮಾನಿಸಿತು. ಮೈಸೂರಿನವರು ಏಕಾಕಿಗಳಾಗಿ ನಿಂತದ್ದು ಹೀಗೆ.

ಏಕಾಂಗಿಯಾದ ಆ ಕಾಂಗ್ರೆಸ್ಸು ಆರಿಸಿಕೊಂಡ ಅಸ್ತ್ರ ಧ್ವಜ. 1938ರ ಏಪ್ರಿಲ್ ಎರಡನೆಯ ವಾರ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಕೂಡಿತು. ಧ್ವಜಾರೋಹಣಕ್ಕೆ ನಿಷೇಧಾಜ್ಞೆ ಹೊರಟಿತ್ತು. ಹತ್ತಾರು ಸಾವಿರ ಜನ ನೆರೆದರು. ಮುಂದಾಳುಗಳು ಆಜ್ಞೆಯನ್ನು ಮುರಿದರು, ಪೊಲೀಸರು ಅವರನ್ನು ಹಿಡಿದೊಯ್ದರು, ಅವರ ಜಾಗಕ್ಕೆ ಬೇರೆಯವರು ಬಂದರು. ಶಿವಪುರದಲ್ಲಿ ಒಂದು ಗುಂಡೂ ಹಾರಲಿಲ್ಲ. ಮುಂದೆ ಎರಡು ವಾರಗಳ ಅನಂತರ ನಡೆದುದನ್ನು ಅನಿವಾರ್ಯವೆಂದು ಸಮರ್ಥಿಸಿದವರ ವಾದಕ್ಕೆ ಶಿವಪುರವೇ ದೊಡ್ಡ ಉತ್ತರ. ಅದೇ ಸರ್ಕಾರ, ಅದೇ ಬಗೆಯ ನಿಷೇಧಾಜ್ಞೆ, ಅದೇ ಧ್ವಜ. ಅಲ್ಲಿ ಬಂಧನದಿಂದ ಕೆಲಸವಾಯಿತು. ಶಿವಪುರದ ಮಾದರಿಯಲ್ಲಿ ಸಂಸ್ಥಾನದ ಬೇರೆ ಬೇರೆ ತಾಲೂಕುಗಳಲ್ಲಿ ಧ್ವಜ ಏರಿಸುವ ಕಾರ್ಯಕ್ರಮಗಳು ತೊಡಗಿದಾಗ ಗೌರಿಬಿದನೂರು ತಾಲೂಕಿನ ಕಾರ್ಯಕರ್ತರು ವಿದುರಾಶ್ವತ್ಥವನ್ನು ಆರಿಸಿದರು. ಜಾತ್ರೆಗೆ ಬಂದ ಜನ ಅಲ್ಲಿ ಹೇಗೂ ಇರುತ್ತಾರೆ ಎಂಬ ಎಣಿಕೆ ಸಹಜವಾದದ್ದು.

ಇಲ್ಲಿ ಕಾನೂನಿನ ಒಂದು ಸಣ್ಣ ವ್ಯವಸ್ಥೆಯನ್ನು ಗಮನಿಸಬೇಕು. ಇಡೀ ಪ್ರಕರಣ ಅದರ ಮೇಲೆ ತಿರುಗುತ್ತದೆ. ಬ್ರಿಟಿಷ್ ಇಂಡಿಯಾದ 1898ರ ದಂಡಪ್ರಕ್ರಿಯಾ ಸಂಹಿತೆಯ 144ನೆಯ ಪ್ರಕರಣ ಶಾಂತಿಭಂಗದ ಭೀತಿಯಿದೆಯೆಂದು ಕಂಡಾಗ ಮ್ಯಾಜಿಸ್ಟ್ರೇಟನು ಎದುರು ಪಕ್ಷದ ಮಾತನ್ನು ಕೇಳದೆಯೂ ನಿಷೇಧಾಜ್ಞೆ ಹೊರಡಿಸಲು ಅಧಿಕಾರ ಕೊಟ್ಟಿತ್ತು. ದಂಡಸಂಹಿತೆಯ 141ನೆಯ ಪ್ರಕರಣದ ಪ್ರಕಾರ ಐವರು ಅಥವಾ ಹೆಚ್ಚು ಮಂದಿ ನಿರ್ದಿಷ್ಟ ದುರುದ್ದೇಶದಿಂದ ಸೇರಿದರೆ ಅದು ಅಕ್ರಮಕೂಟ. ಅಂತಹ ಕೂಟವನ್ನು, ಹಾಗೆಯೇ ಶಾಂತಿ ಕದಡಬಹುದೆಂದು ತೋರಿದ ಯಾವುದೇ ಐವರ ಕೂಟವನ್ನು, ಚದುರಿಹೋಗುವಂತೆ ಅಪ್ಪಣೆ ಮಾಡಬಹುದು. ಚದುರದಿದ್ದರೆ ಬಲಪ್ರಯೋಗ ಮಾಡಬಹುದು. ಹಾಗೆ ಮಾಡಿದ ಅಧಿಕಾರಿಯ ಮೇಲೆ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ಮೈಸೂರಿನ ಕಾನೂನೂ ಇದೇ ಅಚ್ಚಿನದು. ಈ ಸರಪಳಿಯ ಮೊದಲ ಕೊಂಡಿ ಒಂದು ಕಾಗದ. ಆ ಕಾಗದಕ್ಕೆ ಸಹಿ ಬೀಳುವ ಮೊದಲು ಪಿನಾಕಿನಿಯ ದಡದಲ್ಲಿ ಇದ್ದದ್ದು ಒಂದು ನೆರವಿ. ಹಳಗನ್ನಡದ ಈ ಪದದಲ್ಲಿ ನಿಂದೆಯ ಲೇಶವೂ ಇಲ್ಲ. ನೆರೆದವರು ಎಂದಷ್ಟೇ ಅರ್ಥ. ಸಹಿ ಬಿದ್ದ ಮೇಲೆ ಅದೇ ಜನ, ಅದೇ ಮರದ ನೆರಳಿನಲ್ಲಿ, ಅದೇ ಹಣ್ಣುಕಾಯಿ ಹಿಡಿದುಕೊಂಡೇ, ಬಲಪ್ರಯೋಗಕ್ಕೆ ಯೋಗ್ಯವಾದ ಕೂಟವಾಗುತ್ತಾರೆ. ಅವರಲ್ಲಿ ಯಾರು ಭಕ್ತರು, ಯಾರು ಸತ್ಯಾಗ್ರಹಿಗಳು, ಯಾರು ಬಳೆ ಕೊಳ್ಳಲು ಬಂದವರು ಎಂದು ಬಂದೂಕಿಗೆ ತಿಳಿಯುವ ಉಪಾಯವಿಲ್ಲ.

ಏಪ್ರಿಲ್ 25ರಂದು ನಡೆದುದರ ಹೊರರೇಖೆ ಎರಡೂ ಪಕ್ಷದ ಕಥನಗಳಲ್ಲಿ ಒಂದೇ. ಸಭೆಗೆ ನಿಷೇಧವಿತ್ತು. ಸಾವಿರಾರು ಜನ ಸೇರಿದ್ದರು. ಕಾರ್ಯಕರ್ತರು ಧ್ವಜ ಏರಿಸಲು, ಮಾತನಾಡಲು ಮುಂದಾದರು. ಪೊಲೀಸರು ತಡೆದರು, ಬಂಧಿಸಿದರು. ಲಾಠಿ ಬೀಸಿತು. ಗದ್ದಲವೆದ್ದಿತು. ಗುಂಡು ಹಾರಿತು. ಇವುಗಳ ಅನುಕ್ರಮದ ಬಗೆಗೆ ಜಗಳವಿರುವುದು. ಜನ ಕಲ್ಲು ತೂರಿ ಪೊಲೀಸರ ಪ್ರಾಣಕ್ಕೇ ಸಂಚಕಾರ ಬಂದಾಗ ಆತ್ಮರಕ್ಷಣೆಗಾಗಿ ಗುಂಡು ಹಾರಿಸಲಾಯಿತೆಂದು ಸರ್ಕಾರ ಹೇಳಿತು. ಶಾಂತವಾಗಿ ಕುಳಿತ ಜನರ ಮೇಲೆ ಲಾಠಿ ಬಿದ್ದದ್ದರಿಂದಲೇ ಗದ್ದಲ ಎದ್ದಿತೆಂದು, ಗುಂಡಿನ ಮಳೆಗೆ ಸಮರ್ಥನೆಯೇ ಇರಲಿಲ್ಲವೆಂದು ಕಾಂಗ್ರೆಸ್ಸು ಹೇಳಿತು. ಕಲ್ಲು ಮೊದಲೋ ಗುಂಡು ಮೊದಲೋ ಎಂಬುದು ಅಂದಿನಿಂದ ಈ ಬಗೆಯ ಎಲ್ಲ ಪ್ರಕರಣಗಳಲ್ಲೂ ಕೇಳುವ ಪ್ರಶ್ನೆಯಾಗಿ ಉಳಿದಿದೆ. ಪ್ರಶ್ನೆಯೇ ತಪ್ಪು ಜಾಗದಿಂದ ಹೊರಡುತ್ತದೆ. ಕಲ್ಲಿಗೂ ಗುಂಡಿಗೂ ಮೊದಲು ಬಂದದ್ದು ಆಜ್ಞೆ.

ಗೋಲಿಬಾರು ಎಂಬ ಶಬ್ದದ ಮೇಲೆ ಸಾಹಿತ್ಯದ ವಿದ್ಯಾರ್ಥಿಗಳು ಒಂದು ಕ್ಷಣ ನಿಲ್ಲುವುದು ಉಚಿತ. ಪಾರಸಿಯ ಸಂಸರ್ಗದಿಂದ ಆಡಳಿತದ ಭಾಷೆಗೆ, ಅಲ್ಲಿಂದ ಕನ್ನಡ ಪತ್ರಿಕೆಗಳಿಗೆ ಬಂದ ಈ ಮಾತಿನ ಅರ್ಥ ಗುಂಡುಗಳ ಸುರಿಮಳೆ. ಕನ್ನಡದಲ್ಲಿ ಅದು ಕರ್ತೃವನ್ನು ಬೇಡದ ಕ್ರಿಯೆಯೊಡನೆ ಬಾಳುತ್ತದೆ: ಗೋಲಿಬಾರು ಆಯಿತು, ಗೋಲಿಬಾರು ನಡೆಯಿತು. ಮಳೆಯಾಯಿತು, ಬರ ಬಂತು ಎನ್ನುವ ಹಾಗೆ. ಹತ್ತು ಜನ ಸತ್ತರು ಎಂಬ ವಾಕ್ಯದಲ್ಲಿಯೂ ಕೊಂದವರಿಲ್ಲ. ಲಾಠಿಪ್ರಹಾರಕ್ಕೆ ಪತ್ರಿಕೆಗಳು ಲಘು ಎಂಬ ವಿಶೇಷಣವನ್ನು ಅಂಟಿಸುವುದೂ ಈ ವ್ಯಾಕರಣದ ಮುಂದುವರಿಕೆಯೇ. ಏಟು ತಿಂದವನ ಬೆನ್ನನ್ನು ಕೇಳಿ ಯಾರೂ ಆ ವಿಶೇಷಣವನ್ನು ಆರಿಸಿದಂತೆ ಕಾಣುವುದಿಲ್ಲ.

ಸತ್ತವರು ಎಷ್ಟು ಮಂದಿ? ಸರ್ಕಾರದ ಲೆಕ್ಕ 10. ಕಾಂಗ್ರೆಸ್ಸಿನ ಲೆಕ್ಕ 32. ಇವೆರಡರ ನಡುವಿನ ಅಂತರವನ್ನು ಒಂದು ಪಕ್ಷದ ಸುಳ್ಳೆಂದು ತಳ್ಳಿಹಾಕುವುದು ಸುಲಭ, ಆದರೆ ವಿವೇಕವಲ್ಲ. ಎರಡು ಎಣಿಕೆಗಳು ಎರಡು ಬಗೆಯ ಕೆಲಸಗಳು. ಸರ್ಕಾರ ಎಣಿಸುವುದು ತನ್ನ ಕೈಗೆ ಸಿಕ್ಕ ಶವಗಳನ್ನು. ಪಂಚನಾಮೆಗೆ, ವೈದ್ಯನ ಪರೀಕ್ಷೆಗೆ ಬಂದವನ್ನು. ಗುಂಡೇಟು ತಿಂದು ಓಡಿದವನು ಆಸ್ಪತ್ರೆಯ ಮೆಟ್ಟಿಲೇರಿದರೆ ತಾನು ಅಕ್ರಮಕೂಟದಲ್ಲಿದ್ದೆನೆಂದು ತಾನೇ ಸಾಕ್ಷಿ ನುಡಿದಂತೆ. ಗಡಿಯಾಚೆಯ ಹಳ್ಳಿಯಿಂದ ಜಾತ್ರೆಗೆ ಬಂದವನು ಮನೆಗೆ ಮರಳಿ ಸತ್ತರೆ ಅವನು ಮದರಾಸು ಪ್ರಾಂತದಲ್ಲಿ ಸತ್ತವನಾಗುತ್ತಾನೆ, ಮೈಸೂರಿನ ಲೆಕ್ಕದಲ್ಲಿ ಸೇರುವುದಿಲ್ಲ. ಜನ ಎಣಿಸುವುದು ಮನೆಗೆ ಬಾರದವರನ್ನು, ಬಂದು ಉಳಿಯದವರನ್ನು. ಈ ಎಣಿಕೆಗೆ ಮೊಹರಿಲ್ಲ, ಆದರೆ ಅದಕ್ಕೆ ತಲಪುವ ಮನೆಗಳು ಸರ್ಕಾರಿ ಎಣಿಕೆಗೆ ತಲಪುವುದಿಲ್ಲ.

ಈ ಘಟನೆಯನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವ ರೂಢಿಯಿದೆ. ಹೋಲಿಕೆಗೆ ಪ್ರಮಾಣದಲ್ಲಿ ಆಧಾರವಿಲ್ಲ. 1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಸೇನೆ 1650 ಸುತ್ತು ಗುಂಡು ಹಾರಿಸಿತ್ತು. ಆದರೆ ರಚನೆಯಲ್ಲಿ ಹೋಲಿಕೆ ನಿಜ. ಅಲ್ಲಿಯೂ ವೈಶಾಖಿಯ ಹಬ್ಬದ ಜನ, ಅಲ್ಲಿಯೂ ಸಭೆಗೆ ನಿಷೇಧ, ಆ ನಿಷೇಧವನ್ನು ಕೇಳಿರದ ಹಳ್ಳಿಗರು. ಅಲ್ಲಿಯೂ ಎರಡು ಎಣಿಕೆ: ಹಂಟರ್ ಸಮಿತಿಯ ಮುಂದೆ ಬಂದ ಸರ್ಕಾರಿ ಸಂಖ್ಯೆ 379, ಕಾಂಗ್ರೆಸ್ಸು ನಡೆಸಿದ ಪ್ರತ್ಯೇಕ ವಿಚಾರಣೆಯ ಅಂದಾಜು ಸುಮಾರು ಒಂದು ಸಾವಿರ. ಕಾಂಗ್ರೆಸ್ಸಿನ ಆ ವರದಿಯನ್ನು ಬರೆಯುವಲ್ಲಿ ಮುಖ್ಯ ಕೈ ಗಾಂಧೀಜಿಯವರದು. ಹಳ್ಳಿಹಳ್ಳಿಯ ಸಾಕ್ಷಿಗಳ ಹೇಳಿಕೆಯನ್ನು ಬರೆಸಿಕೊಂಡು ಅದರಿಂದ ಸರ್ಕಾರದ ಕಥನವನ್ನು ಎದುರಿಸುವ ಕ್ರಮ ಅಲ್ಲಿಂದ ರಾಷ್ಟ್ರೀಯ ಚಳವಳಿಯ ಅಭ್ಯಾಸವಾಯಿತು. ನಾಗರಿಕರ ಪ್ರತಿಕ್ರಿಯೆ ಎಂದಾಗ ಹರತಾಳ ಮೆರವಣಿಗೆಗಳೇ ಮೊದಲು ನೆನಪಾಗುತ್ತವೆ. ಆದರೆ ಸತ್ತವರನ್ನು ಹೆಸರು ಹಿಡಿದು ಎಣಿಸುವ ಈ ನಿಧಾನವಾದ ಕೆಲಸವೇ ಹೆಚ್ಚು ಬಾಳಿಕೆಯದು.

ಕನ್ನಡ ನಾಡಿಗೆ ಇದು ಹೊಸತೇನಲ್ಲ. ಊರಿಗಾಗಿ, ತುರುಗಳಿಗಾಗಿ ಕಾದಿ ಮಡಿದವನ ಹೆಸರನ್ನೂ ಮಡಿದ ಕಾರಣವನ್ನೂ ಕಲ್ಲಿನಲ್ಲಿ ಕಂಡರಿಸಿ ನಿಲ್ಲಿಸಿದವರು ಬಹುಪಾಲು ಅವನ ಮನೆಯವರು, ಊರವರು. ಹುನಗುಂದ ಬಾದಾಮಿಗಳ ಸೀಮೆಯೂ ಸೇರಿ ಕರ್ನಾಟಕದ ಉದ್ದಗಲಕ್ಕೂ ಸಾವಿರಾರು ವೀರಗಲ್ಲುಗಳಿವೆ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ 634ರ ಪ್ರಶಸ್ತಿ ಪುಲಕೇಶಿಯ ಗೆಲುವುಗಳನ್ನು ಹೇಳುತ್ತದೆ. ಆ ಯುದ್ಧಗಳಲ್ಲಿ ಬಿದ್ದ ಕಾಲಾಳುಗಳ ಹೆಸರು ಪ್ರಶಸ್ತಿಗೆ ಬೇಕಿಲ್ಲ. ಪ್ರಶಸ್ತಿ ಪ್ರಭುವಿನದು, ವೀರಗಲ್ಲು ಊರಿನದು. ವಿದುರಾಶ್ವತ್ಥದ ಸ್ಮಾರಕ ಎರಡನೆಯ ಬಗೆಗೆ ಸೇರಿದ್ದು. ಅಲ್ಲಿನ ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಶಾಲೆಯಿದೆ. ಸತ್ತವರ ನೆನಪಿನ ಸ್ತೂಪವಿದೆ.

ಗೋಲಿಬಾರಿನ ಸುದ್ದಿ ಹರಡಿದಂತೆ ಸಂಸ್ಥಾನದ ಊರೂರುಗಳಲ್ಲಿ ಪ್ರತಿಭಟನೆಗಳಾದವು. ನಿರ್ಣಾಯಕವಾದದ್ದು ಮಾತ್ರ ಹೊರಗಿನಿಂದ ಬಂದ ಮಾತು. ಆರು ತಿಂಗಳ ಹಿಂದೆ ಮೈಸೂರಿನ ವಿಷಯದಲ್ಲಿ ಕಾಂಗ್ರೆಸ್ ಸಮಿತಿಯ ನಿರ್ಣಯವನ್ನೇ ಆಕ್ಷೇಪಿಸಿದ್ದ ಗಾಂಧೀಜಿಯವರು ಈಗ ಪತ್ರಿಕಾ ಹೇಳಿಕೆ ನೀಡಿ, ಮಹಾರಾಜರೂ ದಿವಾನರೂ ನಿರಂಕುಶಾಧಿಕಾರವನ್ನು ಬಿಟ್ಟುಕೊಟ್ಟು ಶಾಂತಿಪಾಲನೆಯ ಹೊಣೆಯನ್ನು ಪ್ರಜೆಗಳ ಪ್ರತಿನಿಧಿಗಳಿಗೆ ಒಪ್ಪಿಸುವುದೇ ಇದಕ್ಕೆ ಪರಿಹಾರವೆಂಬ ಅಭಿಪ್ರಾಯ ಕೊಟ್ಟರು. ಈ ಸಲಹೆಯ ತೀಕ್ಷ್ಣತೆ ಅದರ ಮೃದುವಾದ ಮಾತಿನಲ್ಲಿ ಅಡಗಿದೆ. ಪೊಲೀಸರನ್ನು ಶಿಕ್ಷಿಸಿ ಎನ್ನಲಿಲ್ಲ. ಪೊಲೀಸರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಬದಲಿಸಿ ಎಂದರು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮಿರ್ಜಾ–ಪಟೇಲ್ ಒಪ್ಪಂದವೆಂದು ಚರಿತ್ರೆಯಲ್ಲಿ ಪ್ರಸಿದ್ಧವಾದ ತಿಳಿವಳಿಕೆ ಏರ್ಪಟ್ಟಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆಯಿತು. ರಾಜಕೀಯ ಬಂದಿಗಳ ಬಿಡುಗಡೆಯಾಯಿತು. ಸಂವಿಧಾನ ಸುಧಾರಣೆಯ ಸಮಿತಿಯಲ್ಲಿ ಕಾಂಗ್ರೆಸ್ಸಿಗೆ ಸ್ಥಾನ ಸಿಕ್ಕಿತು. ಧ್ವಜದ ವಿಷಯದಲ್ಲಿ, ಸಮಾರಂಭಗಳಲ್ಲಿ ಗಂಡಭೇರುಂಡದ ಸಂಸ್ಥಾನಧ್ವಜದೊಡನೆ ತ್ರಿವರ್ಣವನ್ನೂ ಹಾರಿಸಬಹುದು, ಪಕ್ಷದ ಸಭೆಗಳಲ್ಲಿ ತ್ರಿವರ್ಣವೊಂದನ್ನೇ ಹಾರಿಸಬಹುದು ಎಂದಾಯಿತು.

ಈ ಕೊನೆಯ ಷರತ್ತನ್ನು ಮತ್ತೊಮ್ಮೆ ಓದಬೇಕು. ಏಪ್ರಿಲ್ 25ರಂದು ಯಾವುದನ್ನು ತಡೆಯಲು ನಿಷೇಧಾಜ್ಞೆ, ಲಾಠಿ, ಗುಂಡು ಬೇಕಾದವೋ ಅದು ಒಂದು ತಿಂಗಳೂ ತುಂಬುವ ಮೊದಲೇ ಸಂಸ್ಥಾನದ ಶಾಂತಿಗೆ ಅಪಾಯಕಾರಿಯಲ್ಲವೆಂದು ಸರ್ಕಾರವೇ ಒಪ್ಪಿತು. ಧ್ವಜ ಬದಲಾಗಿರಲಿಲ್ಲ. ಜನರೂ ಬದಲಾಗಿರಲಿಲ್ಲ. ಆಜ್ಞೆಗೆ ಅಂದು ಎಷ್ಟು ಆಧಾರವಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ತೀರ್ಪನ್ನು ಯಾವ ನ್ಯಾಯಾಲಯವೂ ಕೊಡಲಾರದು.

ತೀರ್ಪು ಕೊಡಬೇಕಾಗಿದ್ದವರು ಬೇರೆಯವರಿದ್ದರು. ಮದರಾಸು ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಸರ್ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಿತ್ತು. ಆ ಸನ್ನಿವೇಶದಲ್ಲಿ ಗುಂಡು ಹಾರಿಸಿದ್ದು ಸಮರ್ಥನೀಯವೆಂಬ ನಿರ್ಣಯಕ್ಕೆ ಸಮಿತಿ ಬಂದಿತು. ಸಮಿತಿಯ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಕಲ್ಲು ಬಿದ್ದ ಆ ಕ್ಷಣದಿಂದ ಗಡಿಯಾರವನ್ನು ಓಡಿಸಿದರೆ ಬಂದೂಕು ಹಿಡಿದವನ ಭಯ ನಿಜವಾದದ್ದೇ. ಸಾವಿರಾರು ಜನರ ನಡುವೆ ಬೆರಳೆಣಿಕೆಯ ಪೊಲೀಸರು. ಗಡಿಯಾರವನ್ನು ಎಲ್ಲಿಂದ ಓಡಿಸಬೇಕು ಎಂಬುದೇ ಮುಖ್ಯ. ಕಡೆಯ ಐದು ನಿಮಿಷವನ್ನು ಮಾತ್ರ ಪರಿಶೀಲಿಸುವ ವಿಚಾರಣೆ ಬಹುಮಟ್ಟಿಗೆ ಗುಂಡನ್ನೇ ಸಮರ್ಥಿಸುತ್ತದೆ. ಹಿಂದಿನ ಹದಿನೈದು ದಿನಗಳನ್ನು ಪರಿಶೀಲಿಸಿದರೆ ಶಿವಪುರ ಕಣ್ಣಿಗೆ ಬೀಳುತ್ತದೆ.

ಕಲ್ಲಿನ ಪ್ರಶ್ನೆಗೆ ಮಹತ್ವವೇ ಇಲ್ಲವೆಂದು ಇದರ ಅರ್ಥವಲ್ಲ. ಹುನಗುಂದದ ಓದುಗರಿಗೆ ಹತ್ತಿರದ ಉದಾಹರಣೆ ರಾಮದುರ್ಗ. ಮಲಪ್ರಭೆಯ ದಡದ ಆ ಪುಟ್ಟ ಸಂಸ್ಥಾನದಲ್ಲಿ 1939ರ ಏಪ್ರಿಲ್‌ನಲ್ಲಿ, ವಿದುರಾಶ್ವತ್ಥದ ಘಟನೆಗೆ ಒಂದು ವರ್ಷ ತುಂಬುವ ಹೊತ್ತಿಗೆ, ಪ್ರಜಾಸಂಘದ ಮುಂದಾಳುಗಳ ಬಂಧನದಿಂದ ಕೆರಳಿದ ಜನ ಸೆರೆಮನೆಗೆ ನುಗ್ಗಿದರು. ಪೊಲೀಸರು ಜನರ ಕೈಯಲ್ಲಿ ಹತರಾದರು. ಪ್ರಜೆಗಳ ಅಹವಾಲು ಅಲ್ಲಿಯೂ ಸಾಚಾ ಆಗಿತ್ತು. ಆದರೆ ಗಾಂಧೀಜಿ ಜನರ ಹಿಂಸೆಯನ್ನು ಖಂಡಿಸಿದರು; ಮೊಕದ್ದಮೆ ಮರಣದಂಡನೆಯ ತೀರ್ಪುಗಳವರೆಗೆ ಹೋಯಿತು. ರಾಮದುರ್ಗಕ್ಕೆ ಪಟೇಲರಂತಹ ಸಂಧಾನಕಾರರು ಬಂದು ಒಪ್ಪಂದ ಗೆದ್ದುಕೊಡಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ ಅಮಲ್ದಾರನೂ ಪೊಲೀಸ್ ಅಧಿಕಾರಿಯೂ ಹತರಾದ ಮೇಲೆ ಊರು ಸೂರೆಯಾಯಿತು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಸರ್ಕಾರದ ಬಲಪ್ರಯೋಗಕ್ಕೆ ಪ್ರತಿಯಾಗಿ ಜನ ಬಲವನ್ನೇ ಹಿಡಿದಾಗ ಅಹವಾಲು ಹಿಂದೆ ಸರಿದು ಅಪರಾಧ ಮುಂದೆ ಬರುತ್ತದೆ, ಮತ್ತು ಅಪರಾಧದ ಭಾಷೆಯಲ್ಲಿ ಸರ್ಕಾರಕ್ಕಿಂತ ನುರಿತವರು ಯಾರೂ ಇಲ್ಲ. ವಿದುರಾಶ್ವತ್ಥದಲ್ಲಿ ಸತ್ತವರೆಲ್ಲ ಒಂದೇ ಪಕ್ಷದವರಾಗಿದ್ದುದೇ ಅಲ್ಲಿನ ಸಂಧಾನದ ಬಲವಾಗಿತ್ತೆಂದು ಹೇಳುವುದು ಕ್ರೂರವಾದ ಮಾತು. ಆದರೆ ಮೂರು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ಬೇರೆ ತೀರ್ಮಾನಕ್ಕೆ ದಾರಿಯಿಲ್ಲ.

ಜವಾಬ್ದಾರಿ ಸರ್ಕಾರ ಮಾತ್ರ ಒಪ್ಪಂದದಿಂದ ಬರಲಿಲ್ಲ. ಅದಕ್ಕೆ ಇನ್ನೂ ಒಂಬತ್ತು ವರ್ಷ ಬೇಕಾಯಿತು. ದೇಶ ಸ್ವತಂತ್ರವಾದ ಮೇಲೆಯೂ ಮೈಸೂರಿನವರು 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಹೂಡಿ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವನ್ನು ಪಡೆಯಬೇಕಾಯಿತು. ಗಾಂಧೀಜಿ 1938ರಲ್ಲಿ ಹೇಳಿದ್ದ ಪರಿಹಾರ ಹೀಗೆ ಕೈಗೂಡಿತು: ಪೊಲೀಸರು ಇನ್ನು ಮುಂದೆ ಪ್ರಜೆಗಳ ಪ್ರತಿನಿಧಿಗಳಿಗೆ ಉತ್ತರ ಹೇಳುವವರು.

ಹಾಗಿದ್ದೂ 144ನೆಯ ಪ್ರಕರಣ ಉಳಿಯಿತು. 141 ಉಳಿಯಿತು. 1973ರ ಹೊಸ ಸಂಹಿತೆಯಲ್ಲಿಯೂ ಉಳಿದು, 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144ನೆಯದು 163ನೆಯದಾಗಿ ಮುಂದುವರಿದಿದೆ. ಅರಸನ ದಿವಾನರು ಬಳಸಿದ ಸಾಧನವನ್ನು ಚುನಾಯಿತರು ಬಳಸುವುದಿಲ್ಲವೆಂಬ ನಿರೀಕ್ಷೆ ಎಷ್ಟು ದಿನ ಬಾಳಿತು ಎಂಬುದಕ್ಕೆ ಮಲಪ್ರಭೆಯೇ ಮತ್ತೆ ಸಾಕ್ಷಿ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಆ ನದಿಗೆ ಅಣೆಕಟ್ಟು ಕಟ್ಟಿದ ಮೇಲೆ ನರಗುಂದ ನವಲಗುಂದಗಳ ಕರಿನೆಲಕ್ಕೆ ಕಾಲುವೆ ಬಂತು. ಕಾಲುವೆಯ ಹಿಂದೆಯೇ ನೀರಿನ ಕರ ಮತ್ತು ಅಭಿವೃದ್ಧಿ ಕರ ಬಂದವು. ನೀರು ತಲಪದ ಹೊಲದವನಿಗೂ ಕರದ ನೋಟೀಸು ತಲಪಿತು. ಹತ್ತಿಯ ಬೆಲೆ ಕುಸಿದಿತ್ತು. 1980ರಲ್ಲಿ ರೈತರು ಸಮನ್ವಯ ಸಮಿತಿ ರಚಿಸಿಕೊಂಡು ನವಲಗುಂದದ ತಹಸೀಲ್ದಾರ್ ಕಚೇರಿಯ ಮುಂದೆ ವಾರಗಟ್ಟಲೆ ಶಾಂತವಾಗಿ ಧರಣಿ ಕುಳಿತರು. ಜುಲೈ 21ರ ಬಂದ್ ದಿನ ಸಂಘರ್ಷ ಸ್ಫೋಟಿಸಿತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ಪೊಲೀಸರೂ ಜನರ ಕೈಯಲ್ಲಿ ಸತ್ತರು. ಇಲ್ಲಿಯೂ ಎದ್ದ ಮೊದಲ ಪ್ರಶ್ನೆ ಕಲ್ಲಿನದು, ಗುಂಡಿನದು. ವಾರಗಟ್ಟಲೆ ಕುಳಿತವರ ಬಳಿ ಬಂದು ಅಹವಾಲನ್ನು ಕೇಳಬೇಕಾದವರು ಯಾರು ಎಂಬ ಪ್ರಶ್ನೆ ಬಹಳ ತಡವಾಗಿ ಬಂತು.

ನರಗುಂದದ ಉತ್ತರ ಬೇರೆ ಬಗೆಯದಾಗಿತ್ತು. ಕರ್ನಾಟಕ ರಾಜ್ಯ ರೈತ ಸಂಘ ಆ ವರ್ಷವೇ ಹುಟ್ಟಿತು, ಎಚ್. ಎಸ್. ರುದ್ರಪ್ಪ, ಎನ್. ಡಿ. ಸುಂದರೇಶ್, ಎಂ. ಡಿ. ನಂಜುಂಡಸ್ವಾಮಿಯವರ ಹೆಸರುಗಳು ಮನೆಮಾತಾದವು. 1981ರ ಆರಂಭದಲ್ಲಿ ನರಗುಂದದಿಂದ ಬೆಂಗಳೂರಿನವರೆಗೆ ಜನ ಕಾಲ್ನಡಿಗೆಯಲ್ಲಿ ನಡೆದರು. ಗುಂಡೂರಾವ್ ಸರ್ಕಾರ ಕರದ ವಿಷಯದಲ್ಲಿ ರಿಯಾಯಿತಿಗಳನ್ನು ಕೊಟ್ಟರೂ 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಉತ್ತರ ಕರ್ನಾಟಕದಲ್ಲಿ ನರಗುಂದವನ್ನು ಮರೆತು ಮತ ಹಾಕಿದವರು ಕಡಿಮೆ. ಜುಲೈ 21ನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತ ಬಂದಿದ್ದಾರೆ. ನರಗುಂದದ ವೀರಗಲ್ಲಿಗೆ ಪ್ರತಿವರ್ಷ ಹೂವು ಬೀಳುತ್ತದೆ.

ಆಜ್ಞೆಯನ್ನೇ ಪ್ರಶ್ನಿಸುವ ದಾರಿ ನ್ಯಾಯಾಲಯಗಳಲ್ಲಿ ತೆರೆದದ್ದು ಇತ್ತೀಚೆಗೆ. ಅನುರಾಧಾ ಭಸೀನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ 144ರ ಆಜ್ಞೆಗಳನ್ನು ಪ್ರಕಟಿಸಬೇಕು, ಆಜ್ಞೆಗೆ ಆಧಾರವಾದ ಸಂಗತಿಗಳನ್ನು ಅದರಲ್ಲಿಯೇ ಹೇಳಬೇಕು, ನ್ಯಾಯವಾದ ಅಭಿಪ್ರಾಯ ಪ್ರಕಟಣೆಯನ್ನು ಅಡಗಿಸಲು ಅದನ್ನು ಬಳಸುವಂತಿಲ್ಲ ಎಂದಿತು. ಅದಕ್ಕೆ ಕೆಲವು ವಾರಗಳ ಹಿಂದೆ, 2019ರ ಡಿಸೆಂಬರ್ 18ರಂದು, ಬೆಂಗಳೂರಿನ ಪೊಲೀಸ್ ಆಯುಕ್ತರು ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧದ ಪ್ರತಿಭಟನೆಗಳ ಹಿನ್ನೆಲೆಯಲ್ಲಿ ಇಡೀ ನಗರಕ್ಕೆ ಮೂರು ದಿನಗಳ ನಿಷೇಧಾಜ್ಞೆ ಹೊರಡಿಸಿದ್ದರು. ಮರುದಿನ ಪುರಭವನದ ಮುಂದೆ ನಿಂತವರನ್ನು ಪೊಲೀಸರು ಎತ್ತಿಕೊಂಡು ಹೋಗಿ ಬಸ್ಸಿಗೆ ತುಂಬಿದರು. ಇತಿಹಾಸಕಾರ ರಾಮಚಂದ್ರ ಗುಹಾ ಅವರಲ್ಲಿ ಒಬ್ಬರು. ಅದೇ ದಿನ ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ನಾಗರಿಕರು ಉಚ್ಚನ್ಯಾಯಾಲಯದ ಮೊರೆಹೊಕ್ಕರು. ಬೆಂಗಳೂರಿನ ಆಜ್ಞೆ ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲವೆಂದು ಕರ್ನಾಟಕ ಉಚ್ಚನ್ಯಾಯಾಲಯ ತೀರ್ಪಿತ್ತದ್ದು 2020ರ ಫೆಬ್ರುವರಿ 13ರಂದು. ಆಜ್ಞೆಯ ಅವಧಿ ಡಿಸೆಂಬರ್ 21ಕ್ಕೇ ಮುಗಿದಿತ್ತು.